ಊರಿನಲ್ಲೇ ಪಿನ್ ಒತ್ತಿ ನೋಡಿ, ಆಮೇಲೆ ವಿಮಾನ ಹತ್ತಿ: ಚಿಪ್ ಕ್ರೆಡಿಟ್ ಕಾರ್ಡ್ ಬಳಸುವ ಕ್ರಮ

‘ಕಾರ್ಡ್ ಉಜ್ಜಿ ಕೊಡಿ’ ಎನ್ನುವ ಮಾತು ಕಾರವಾರ, ಶಿರಸಿ, ಭಟ್ಕಳದ ಅಂಗಡಿಗಳಲ್ಲಿ ಇನ್ನೂ ಕೇಳುತ್ತದೆ. ಉಜ್ಜುವ ಕೆಲಸ ಮಾತ್ರ ಯಾವತ್ತೋ ನಿಂತಿದೆ. ಈಗ ಕಾರ್ಡನ್ನು ಮಷಿನ್ನಿನ ಬಾಯಿಗೆ ಸಿಕ್ಕಿಸಿ ನಾಲ್ಕಂಕಿ ಒತ್ತಬೇಕು, ಇಲ್ಲವೇ ಮೇಲೆ ತಾಗಿಸಬೇಕು. ಊರಿನಲ್ಲಿ ಇದು ಕೈಕೊಟ್ಟರೆ ಕಿಸೆಯಲ್ಲಿ ನೋಟಿರುತ್ತದೆ, ಫೋನಿನಲ್ಲಿ ಯುಪಿಐ ಇರುತ್ತದೆ, ಪರಿಚಯದ ಅಂಗಡಿಯಾದರೆ ‘ನಾಳೆ ಕೊಡಿ, ಅಡ್ಡಿಲ್ಲ’ ಎಂದೂ ಬಿಡುತ್ತಾರೆ. ದುಬೈಯ ಹೋಟೆಲ್ ಕೌಂಟರಿನಲ್ಲಿ, ಯುರೋಪಿನ ರೈಲು ನಿಲ್ದಾಣದ ಟಿಕೆಟ್ ಯಂತ್ರದ ಮುಂದೆ ಈ ಮೂರನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ಅಲ್ಲಿ ಎದುರಾಗುವ ಹೆಚ್ಚಿನ ತೊಡಕುಗಳ ಮೂಲ ಇಲ್ಲೇ ಇರುತ್ತದೆ: ಆನ್ ಮಾಡದ ಒಂದು ಸ್ವಿಚ್, ಒಮ್ಮೆಯೂ ಒತ್ತಿ ನೋಡದ ಒಂದು ಪಿನ್.

ಚಿಪ್ ಮಾಡುವ ಕೆಲಸ

ಕಾರ್ಡಿನ ಹಿಂಭಾಗದ ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಬದಲಾಗುವುದಿಲ್ಲ. ಅದನ್ನು ಒಮ್ಮೆ ಓದಿಕೊಂಡವರು ಬೇರೊಂದು ಪ್ಲಾಸ್ಟಿಕ್ ತುಂಡಿನ ಮೇಲೆ ಹಾಗೇ ಬರೆಯಬಹುದು. ಕಾರ್ಡ್ ನಕಲು ಮಾಡುವ ವಂಚಕರಿಗೆ ಬೇಕಾಗಿದ್ದೂ ಅಷ್ಟೇ. ಮುಂಭಾಗದ ಬಂಗಾರದ ಬಣ್ಣದ ಚಿಪ್ ಒಂದು ಪುಟ್ಟ ಕಂಪ್ಯೂಟರ್. ಮಷಿನ್ನಿನಿಂದ ವಿದ್ಯುತ್ ಪಡೆದು, ತನ್ನೊಳಗಿನ ರಹಸ್ಯ ಕೀಲಿಯಿಂದ ಪ್ರತಿ ವ್ಯವಹಾರಕ್ಕೂ ಹೊಸದೊಂದು ಸಂಕೇತ ತಯಾರಿಸುತ್ತದೆ. ಇವತ್ತಿನ ಸಂಕೇತ ಕದ್ದರೆ ನಾಳೆ ಉಪಯೋಗಕ್ಕೆ ಬರುವುದಿಲ್ಲ. ಕೀಲಿ ಚಿಪ್ಪಿನಿಂದ ಹೊರಗೆ ಬರುವುದೂ ಇಲ್ಲ. ಯುರೋಪೇ, ಮಾಸ್ಟರ್‌ಕಾರ್ಡ್, ವೀಸಾ ಕಂಪನಿಗಳು ಸೇರಿ ರೂಪಿಸಿದ ಈ ಪದ್ಧತಿಗೆ ಅವುಗಳ ಮೊದಲಕ್ಷರ ಸೇರಿಸಿ ಇಎಂವಿ ಎನ್ನುತ್ತಾರೆ. ನಮ್ಮಲ್ಲಿ 2015ರ ಸೆಪ್ಟೆಂಬರ್‌ನಿಂದ ಹೊಸ ಕಾರ್ಡ್‌ಗಳೆಲ್ಲ ಚಿಪ್ ಮತ್ತು ಪಿನ್‌ನೊಂದಿಗೇ ಬರಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿತು. ಹಳೆಯ ಪಟ್ಟಿ ಕಾರ್ಡ್‌ಗಳನ್ನು ಬದಲಿಸಲು ಕೊಟ್ಟ ಗಡುವು 2018ರ ಡಿಸೆಂಬರ್ 31.

ಪಟ್ಟಿ ಈಗಲೂ ಕಾರ್ಡಿನಲ್ಲಿದೆ. ಉಜ್ಜಿದರೆ ಮಷಿನ್ ‘ಚಿಪ್ ಹಾಕಿ’ ಎಂದು ವಾಪಸು ಕಳಿಸುತ್ತದೆ. ಇದು ಮಷಿನ್ನಿನ ಹಟವಲ್ಲ. ಪಟ್ಟಿಯಲ್ಲಿ ಮೂರಂಕಿಯ ಸೇವಾ ಸಂಖ್ಯೆಯೊಂದಿರುತ್ತದೆ. ಅದರ ಮೊದಲ ಅಂಕಿ 2 ಅಥವಾ 6 ಆಗಿದ್ದರೆ ಈ ಕಾರ್ಡಿನಲ್ಲಿ ಚಿಪ್ ಇದೆ ಎಂದರ್ಥ. 2 ಇದ್ದರೆ ಹೊರದೇಶದಲ್ಲೂ ನಡೆಯುವ ಕಾರ್ಡ್, 6 ಇದ್ದರೆ ದೇಶದೊಳಗಿನದು. ಪಟ್ಟಿಯ ದಿನಗಳೂ ಮುಗಿಯುತ್ತ ಬಂದಿವೆ. 2033ರ ಹೊತ್ತಿಗೆ ತನ್ನ ಯಾವ ಕಾರ್ಡಿನಲ್ಲೂ ಪಟ್ಟಿ ಇರುವುದಿಲ್ಲವೆಂದು ಮಾಸ್ಟರ್‌ಕಾರ್ಡ್ 2021ರಲ್ಲೇ ಹೇಳಿದೆ.

ಕರಾವಳಿಯಲ್ಲಿ ಚಿಪ್ಪಿಗೆ ಇರುವ ಶತ್ರು ಬೆವರು, ಉಪ್ಪುಗಾಳಿ, ಒದ್ದೆ ಕೈ. ಮೇಲೆ ಜಿಡ್ಡು ಕೂತರೆ ಮಷಿನ್ನಿನ ಸೂಜಿಗಳಿಗೆ ಸರಿಯಾಗಿ ತಾಗದೆ ‘ಕಾರ್ಡ್ ಎರರ್’ ಬರುತ್ತದೆ. ಒಣ ಹತ್ತಿ ಬಟ್ಟೆಯಿಂದ ಮೆತ್ತಗೆ ಒರೆಸಿ. ಮರಳು ಕಾಗದ, ಬ್ಲೇಡು, ಪಾತ್ರೆ ತಿಕ್ಕುವ ಪುಡಿ ಬೇಡ. ಬಂಗಾರದ ಲೇಪ ಹೋದರೆ ಚಿಪ್ ಹೋದ ಹಾಗೆ. ಕೀ ಗೊಂಚಲಿಗೆ ನೇತು ಹಾಕಲು ಕಾರ್ಡಿಗೆ ತೂತು ಕೊರೆಯುವವರಿದ್ದಾರೆ. ತಾಗಿಸಿ ಕೊಡುವ ವ್ಯವಸ್ಥೆಯ ತೆಳು ತಂತಿ ಕಾರ್ಡಿನ ಒಳಗೆ ಸುತ್ತಿ ಹೋಗಿರುತ್ತದೆ, ಅದು ತುಂಡಾದರೆ ಟ್ಯಾಪ್ ಸತ್ತಿತು.

ಪಿನ್ ಮೂರು, ಗೊಂದಲ ಒಂದು

ಒಬ್ಬರ ತಲೆಯಲ್ಲಿ ಈಗ ಕನಿಷ್ಠ ಮೂರು ಪಿನ್ ಇರುತ್ತವೆ: ಡೆಬಿಟ್ ಕಾರ್ಡಿನದು, ಕ್ರೆಡಿಟ್ ಕಾರ್ಡಿನದು, ಯುಪಿಐಯದು. ಒಂದೇ ಬ್ಯಾಂಕಿನವಾದರೂ ಮೂರೂ ಬೇರೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದವರಿಗೆ ಈ ಗೊಂದಲ ಹೆಚ್ಚು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಒತ್ತುವುದು ಯುಪಿಐ ಪಿನ್, ಅದೇ ಕಾರ್ಡನ್ನು ಮಷಿನ್ನಿಗೆ ಸಿಕ್ಕಿಸಿದಾಗ ಒತ್ತುವುದು ಕಾರ್ಡ್ ಪಿನ್. ವರ್ಷವಿಡೀ ಕ್ಯೂಆರ್‌ನಲ್ಲೇ ಕೊಟ್ಟವರು ಮಷಿನ್ನಿನ ಮುಂದೆ ಯುಪಿಐ ಪಿನ್ ಒತ್ತಿ ಸಿಕ್ಕಿಬೀಳುತ್ತಾರೆ.

ಕ್ರೆಡಿಟ್ ಕಾರ್ಡಿನ ಪಿನ್ ಇಡುವುದು ಬ್ಯಾಂಕಿನ ಆ್ಯಪ್, ನೆಟ್ ಬ್ಯಾಂಕಿಂಗ್, ಸಹಾಯವಾಣಿಯ ಧ್ವನಿ ವ್ಯವಸ್ಥೆ ಅಥವಾ ಎಟಿಎಂ ಮೂಲಕ. ದೃಢೀಕರಣಕ್ಕೆ ನೋಂದಾಯಿತ ಮೊಬೈಲಿಗೆ ಒಟಿಪಿ ಬರುತ್ತದೆ. ಹುಟ್ಟಿದ ವರ್ಷ, ಕೆಎ–30 ಅಥವಾ ಕೆಎ–31 ಗಾಡಿಯ ಕೊನೆಯ ನಾಲ್ಕಂಕಿ, 1234 ಇವು ಬೇಡ. ಪಾಕೀಟು ಕದ್ದವನ ಕೈಯಲ್ಲಿ ನಿಮ್ಮ ಚಾಲನಾ ಪರವಾನಗಿಯೂ ಇರುತ್ತದೆ ಎನ್ನುವುದು ನೆನಪಿರಲಿ.

ಇನ್ನೊಂದು ಸೂಕ್ಷ್ಮವಿದೆ. ಅನೇಕರಿಗೆ ಪಿನ್ ಅಂಕಿಗಳಾಗಿ ನೆನಪಿರುವುದಿಲ್ಲ, ಬೆರಳಿನ ಓಟವಾಗಿ ನೆನಪಿರುತ್ತದೆ: ಮೇಲಿನಿಂದ ಕೆಳಗೆ, ಆಮೇಲೆ ಬಲಕ್ಕೆ. ಗುಂಡಿಗಳಿಲ್ಲದ ಟಚ್ ಪರದೆಯ ಮಷಿನ್ನುಗಳು ಈಗ ಹೆಚ್ಚುತ್ತಿವೆ, ಕೆಲವು ಪ್ರತಿ ಸಲ ಅಂಕಿಗಳ ಜಾಗ ಬದಲಿಸಿ ತೋರಿಸುತ್ತವೆ. ಅಲ್ಲಿ ಬೆರಳಿನ ನೆನಪು ಕೈಕೊಡುತ್ತದೆ. ಪಿನ್ನನ್ನು ಬಾಯಲ್ಲಿ ಹೇಳಿಕೊಳ್ಳುವಷ್ಟು ಅಂಕಿಯಾಗಿ ಕಲಿತಿರಿ.

ಊರಿನ ಕೌಂಟರಿನಲ್ಲಿ

1. ಮೊದಲು ಮೊತ್ತ ನೋಡಿ. ಅಂಗಡಿಯವರು 1,850ರ ಬದಲು 18,500 ಒತ್ತಿರಬಹುದು; ಪಿನ್ ಹಾಕಿದ ಮೇಲೆ ಅದು ನೀವು ಒಪ್ಪಿದ ಮೊತ್ತ. ಕ್ರೆಡಿಟ್ ಕಾರ್ಡಿಗೆ ಶೇ 2 ಹೆಚ್ಚು ಎನ್ನುವ ಅಂಗಡಿಗಳಿವೆ. ಕೇಳುವುದಾದರೆ ಕಾರ್ಡ್ ಸಿಕ್ಕಿಸುವ ಮೊದಲೇ ಕೇಳಿ.

2. ಕಾರ್ಡನ್ನು ಕೈಯಿಂದ ಬಿಡಬೇಡಿ. ‘ಒಳಗೆ ಸಿಗ್ನಲ್ ಸಿಗುತ್ತದೆ, ಕೊಡಿ’ ಎಂದರೆ ಮಷಿನ್ ಜೊತೆ ನೀವೂ ನಡೆಯಿರಿ.

3. ಚಿಪ್ ಮೇಲ್ಮುಖವಾಗಿ, ಚಿಪ್ ಇರುವ ತುದಿ ಒಳಗೆ ಹೋಗುವಂತೆ, ತಡೆ ಸಿಗುವವರೆಗೆ ತಳ್ಳಿ. ಅರ್ಧಕ್ಕೆ ನಿಂತರೆ ಓದುವುದಿಲ್ಲ.

4. ಇನ್ನೊಂದು ಅಂಗೈಯಿಂದ ಗುಂಡಿಗಳನ್ನು ಮರೆಮಾಡಿ ಪಿನ್ ಒತ್ತಿ. ಹಸಿರು ಗುಂಡಿ ಒಪ್ಪಿಗೆಗೆ, ಹಳದಿ ತಿದ್ದಲು, ಕೆಂಪು ರದ್ದು ಮಾಡಲು. 5ರ ಮೇಲೆ ಚಿಕ್ಕ ಉಬ್ಬು ಚುಕ್ಕೆ ಇರುತ್ತದೆ, ಕತ್ತಲಲ್ಲಿ ಅದೇ ಗುರುತು. ಪಿನ್ನನ್ನು ಅಂಗಡಿಯವರಿಗೆ ಹೇಳಿ ಒತ್ತಿಸುವ ರೂಢಿ ನಮ್ಮ ಹಿರಿಯರಲ್ಲಿದೆ. ಪ್ರೀತಿಯ ಅಂಗಡಿಯಾದರೂ ಇದು ಕೂಡದು; ಕಾರಣ ಮುಂದೆ ಹಣದ ಹೊಣೆಯ ಮಾತು ಬಂದಾಗ ತಿಳಿಯುತ್ತದೆ.

5. ‘ಕಾರ್ಡ್ ತೆಗೆಯಿರಿ’ ಎಂದು ಪರದೆ ಹೇಳುವವರೆಗೆ ಕಾರ್ಡ್ ಒಳಗೇ ಇರಲಿ. ಚಿಪ್ ಮತ್ತು ಬ್ಯಾಂಕಿನ ಮಾತುಕತೆಯಲ್ಲಿ ಕೊನೆಯ ಉತ್ತರವೂ ಚಿಪ್ಪಿಗೆ ತಲುಪಬೇಕು. ನಡುವೆ ಎಳೆದರೆ ವ್ಯವಹಾರ ಮುರಿಯುತ್ತದೆ, ಕೆಲವೊಮ್ಮೆ ಹಣ ಕಟ್ ಆಗಿ ಸ್ಲಿಪ್ ಬರುವುದಿಲ್ಲ.

6. ಸ್ಲಿಪ್ ಪಡೆಯಿರಿ. ಪಿನ್ ಒಪ್ಪಿದ್ದರೆ ಸಹಿ ಬೇಕಿಲ್ಲ ಎಂದು ಅದರಲ್ಲೇ ಅಚ್ಚಾಗಿರುತ್ತದೆ. ಕೆಲಸಕ್ಕೆ ಬರುವ ಸಂಖ್ಯೆಗಳು ಎರಡು: ವ್ಯವಹಾರವನ್ನು ಗುರುತಿಸುವ 12 ಅಂಕಿಯ ಆರ್‌ಆರ್‌ಎನ್ ಮತ್ತು 6 ಅಕ್ಷರಗಳ ಒಪ್ಪಿಗೆ ಸಂಕೇತ. ಯಾವ ತಕರಾರಿಗೂ ಬ್ಯಾಂಕ್ ಮೊದಲು ಕೇಳುವುದು ಇವನ್ನೇ.

ಮೊತ್ತ ತಪ್ಪಾಗಿದ್ದರೆ ಅಲ್ಲೇ ಹೇಳಿ. ಅಂಗಡಿಯವರು ಆ ದಿನದ ಲೆಕ್ಕ ಮುಚ್ಚುವ ಮೊದಲು ‘ವಾಯ್ಡ್’ ಮಾಡಿದರೆ ವ್ಯವಹಾರವೇ ರದ್ದಾಗುತ್ತದೆ. ಮುಚ್ಚಿದ ಮೇಲೆ ರೀಫಂಡ್ ಮಾತ್ರ ದಾರಿ, ಅದಕ್ಕೆ ಕೆಲವು ದಿನ ಹಿಡಿಯುತ್ತದೆ.

ಟ್ಯಾಪ್ ಬಗ್ಗೆ ಎರಡು ಮಾತು. ನಮ್ಮ ದೇಶದಲ್ಲಿ ಪಿನ್ ಇಲ್ಲದೆ ಟ್ಯಾಪ್ ಮಾಡುವ ಮಿತಿ ಒಂದು ವ್ಯವಹಾರಕ್ಕೆ 5,000 ರೂಪಾಯಿ. 2021ರ ಜನವರಿ 1ಕ್ಕಿಂತ ಮೊದಲು 2,000 ಇತ್ತು. ಕಾರ್ಡ್ ಬಿದ್ದುಹೋದರೆ ಸಿಕ್ಕವನಿಗೂ ಇದೇ ಮಿತಿ. ಆ್ಯಪ್‌ನಲ್ಲಿ ನಿಮ್ಮ ಅಗತ್ಯಕ್ಕೆ ತಕ್ಕಂತೆ ಇದನ್ನು ಇಳಿಸಿಡಿ, ಬೇಡದಿದ್ದರೆ ಆಫ್ ಮಾಡಿ.

ಘಟ್ಟ, ಮಳೆ, ಸಿಗ್ನಲ್

ಅಂಗಡಿಯ ಮಷಿನ್ನಿನೊಳಗೂ ಸಿಮ್ ಇರುತ್ತದೆ. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ನಿಮ್ಮ ಫೋನಿಗೆ ಸಿಗದ ಸಿಗ್ನಲ್ ರಸ್ತೆ ಬದಿಯ ಹೋಟೆಲಿನ ಮಷಿನ್ನಿಗೂ ಸಿಗುವುದಿಲ್ಲ. ಜೋರು ಮಳೆಯಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಇಳಿದರೆ ಶಿರಸಿ ಪೇಟೆಯಲ್ಲೂ ಇದೇ ಕತೆ. ಪಿನ್ ಹೋಗಿದೆ, ಉತ್ತರ ಬಂದಿಲ್ಲ, ಮಷಿನ್ ಸುತ್ತುತ್ತಲೇ ಇದೆ ಎನ್ನುವ ಸ್ಥಿತಿಯಲ್ಲಿ ಇನ್ನೊಮ್ಮೆ ಕಾರ್ಡ್ ಹಾಕುವ ಮೊದಲು ಬ್ಯಾಂಕಿನ ಆ್ಯಪ್ ನೋಡಿ. ಎಸ್‌ಎಂಎಸ್ ಕೂಡ ಅದೇ ಕೆಟ್ಟ ಸಿಗ್ನಲ್ಲಿನಲ್ಲಿ ಬರಬೇಕು, ಆದ್ದರಿಂದ ಸಂದೇಶ ಬಂದಿಲ್ಲವೆಂದರೆ ಹಣ ಹೋಗಿಲ್ಲವೆಂದು ಅರ್ಥವಲ್ಲ.

ಹಣ ಕಟ್ ಆಗಿ ಅಂಗಡಿಗೆ ಖಚಿತತೆ ಬಾರದಿದ್ದರೆ ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ವ್ಯವಹಾರದ ದಿನ ಬಿಟ್ಟು 5 ದಿನಗಳೊಳಗೆ ಅದು ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ಕೇಳಿ ಪಡೆಯಬೇಕಾದದ್ದಲ್ಲ, ಬ್ಯಾಂಕೇ ಕೊಡಬೇಕಾದದ್ದು. ಆದರೂ ಆರನೆಯ ದಿನ ಆರ್‌ಆರ್‌ಎನ್ ಹಿಡಿದು ಲಿಖಿತ ದೂರು ಕೊಡುವುದು ಒಳ್ಳೆಯದು.

ಹೊರಡುವ 15 ದಿನ ಮೊದಲು

ಅವಧಿ ನೋಡಿ. ಪ್ರವಾಸದ ನಡುವೆ ಮುಗಿಯುವ ಕಾರ್ಡ್ ಇದ್ದರೆ ಈಗಲೇ ಹೊಸದು ಕೇಳಿ. ಸಿದ್ದಾಪುರ, ಯಲ್ಲಾಪುರ, ಜೋಯಿಡಾದ ಒಳಹಳ್ಳಿಗಳಿಗೆ ಅದು ಬಂದು ತಲುಪಲು ಸಮಯ ಬೇಕು, ಮಳೆಗಾಲದಲ್ಲಂತೂ ಇನ್ನಷ್ಟು.

ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ. 2020ರ ನಿಯಮದ ಪ್ರಕಾರ ಹೊಸ ಕಾರ್ಡ್ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಷಿನ್ನುಗಳಲ್ಲಿ ಮಾತ್ರ ನಡೆಯುತ್ತದೆ. ಆನ್‌ಲೈನ್, ಟ್ಯಾಪ್, ಹೊರದೇಶ ಇವನ್ನೆಲ್ಲ ಕಾರ್ಡುದಾರರೇ ತೆರೆಯಬೇಕು. ಕಾರ್ಡ್ ಬದಲಾಗಿ ಬಂದರೂ ಅಷ್ಟೇ. ಹಳೆಯದರಲ್ಲಿ ಆನ್ ಇದ್ದದ್ದು ಹೊಸದರಲ್ಲಿ ಆಫ್ ಇರಬಹುದು. ಆ್ಯಪ್‌ನಲ್ಲಿ ‘ಅಂತರರಾಷ್ಟ್ರೀಯ’ ಎಂಬ ಒಂದು ಸ್ವಿಚ್ ಒತ್ತಿ ಮುಗಿಸುವವರೇ ಹೆಚ್ಚು. ಅದರ ಕೆಳಗೆ ಅಂಗಡಿ, ಎಟಿಎಂ, ಆನ್‌ಲೈನ್, ಟ್ಯಾಪ್ ಎಂದು ಪ್ರತ್ಯೇಕ ಸ್ವಿಚ್‌ಗಳಿರುತ್ತವೆ, ಪ್ರತಿಯೊಂದಕ್ಕೂ ಒಂದು ಮಿತಿ. ಸ್ವಿಚ್ ಆನ್ ಇದ್ದು ಮಿತಿ ಸೊನ್ನೆಯಲ್ಲಿದ್ದರೆ ಕಾರ್ಡ್ ನಡೆಯುವುದಿಲ್ಲ. ಅಂಗಡಿಗೆ ಪ್ರವಾಸದ ಅಂದಾಜು ಖರ್ಚಿನಷ್ಟು ಮಿತಿ ಇಡಿ. ಎಟಿಎಂ ಆಫ್ ಇರಲಿ ಅಥವಾ ಕಡಿಮೆ ಇರಲಿ. ಹೊರದೇಶದ ಆನ್‌ಲೈನ್ ಬೇಕಾದಾಗ ಮಾತ್ರ ತೆರೆದು ಮುಚ್ಚಿ, ಏಕೆಂದರೆ ಅಲ್ಲಿನ ಎಷ್ಟೋ ತಾಣಗಳು ಒಟಿಪಿ ಕೇಳದೆಯೇ ಹಣ ಪಡೆಯುತ್ತವೆ.

ಈಗ ಮುಖ್ಯ ಪರೀಕ್ಷೆ. ಊರಿನ ಔಷಧ ಅಂಗಡಿಯಲ್ಲೋ ಪೆಟ್ರೋಲ್ ಬಂಕಿನಲ್ಲೋ ಒಂದು ಸಣ್ಣ ಬಿಲ್ಲಿಗೆ ಕಾರ್ಡನ್ನು ಸಿಕ್ಕಿಸಿ ಪಿನ್ ಒತ್ತಿ. ಟ್ಯಾಪ್ ಮಾಡಿದರೆ ಪರೀಕ್ಷೆ ಆದಂತಲ್ಲ. ಪಿನ್ ಸರಿಯಿದೆಯೋ, ಚಿಪ್ ಓದುತ್ತದೆಯೋ ಎರಡೂ ಗೊತ್ತಾಗುವುದಿಲ್ಲ. ಪಿನ್ನನ್ನು ಇತ್ತೀಚೆಗೆ ಆ್ಯಪ್‌ನಲ್ಲಿ ಬದಲಿಸಿದ್ದರೆ ಸ್ವಂತ ಬ್ಯಾಂಕಿನ ಎಟಿಎಂಗೆ ಒಮ್ಮೆ ಹಾಕಿ ನೋಡುವುದೂ ಒಳ್ಳೆಯದು. ಪಿನ್ ಪರಿಶೀಲನೆಗೆ ಎರಡು ದಾರಿಗಳಿವೆ: ಬ್ಯಾಂಕಿನ ಸರ್ವರ್‌ನಲ್ಲಿ ಮತ್ತು ಚಿಪ್ಪಿನೊಳಗೇ. ಎರಡನ್ನೂ ಬಲ್ಲ ಕಾರ್ಡಿನಲ್ಲಿ ಆ್ಯಪ್ ಬದಲಾವಣೆ ಸರ್ವರ್‌ಗೆ ಮಾತ್ರ ತಲುಪಿ, ಚಿಪ್ಪಿನಲ್ಲಿ ಹಳೆಯ ಪಿನ್ ಉಳಿದಿರಬಹುದು. ಸರ್ವರ್‌ಗೆ ಹೋಗದೆ ಚಿಪ್ಪನ್ನೇ ಕೇಳುವ ಹೊರದೇಶದ ಯಂತ್ರದಲ್ಲಿ ಆಗ ಹೊಸ ಪಿನ್ ‘ತಪ್ಪು’ ಎನಿಸುತ್ತದೆ.

ಮೊಬೈಲಿನ ಕಡೆಗೆ ಬನ್ನಿ. ಒಟಿಪಿ ಬರುವ ಸಿಮ್‌ನಲ್ಲಿ ರೋಮಿಂಗ್ ಸೌಲಭ್ಯವನ್ನು ಇಲ್ಲೇ ತೆರೆಸಿಕೊಳ್ಳಿ, ರೀಚಾರ್ಜ್ ಅವಧಿ ವಾಪಸು ಬರುವವರೆಗೂ ಇರಲಿ. ಕೊಲ್ಲಿಗೆ ಹೋದ ಮೇಲೆ ಅಲ್ಲಿನ ಸಿಮ್ ಹಾಕಿಕೊಂಡು ಇಲ್ಲಿನದನ್ನು ಪೆಟ್ಟಿಗೆಯ ಮೂಲೆಗೆ ಎಸೆಯುವ ಅಭ್ಯಾಸ ಭಟ್ಕಳ, ಹೊನ್ನಾವರದ ಕಡೆ ಹೋದವರಲ್ಲಿ ಉಂಟು. ನೋಂದಾಯಿತ ಸಂಖ್ಯೆ ಸತ್ತರೆ ಪಿನ್ ಮರುಹೊಂದಿಸಲೂ ಆಗುವುದಿಲ್ಲ.

ಬ್ಯಾಂಕಿನ ಸಹಾಯವಾಣಿಯ +91ರಿಂದ ಶುರುವಾಗುವ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ. 1800ರ ಉಚಿತ ಸಂಖ್ಯೆಗಳು ಹೊರಗಿನಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಫೋನ್ ಮತ್ತು ಕಾರ್ಡ್ ಒಟ್ಟಿಗೆ ಕಳೆದಾಗ ಉಳಿಯುವುದು ಈ ಚೀಟಿ.

ಎರಡು ಕಾರ್ಡ್ ಒಯ್ಯಿರಿ, ಬೇರೆ ಬೇರೆ ಜಾಲದವು: ಒಂದು ವೀಸಾ ಇದ್ದರೆ ಇನ್ನೊಂದು ಮಾಸ್ಟರ್‌ಕಾರ್ಡ್. ಒಂದು ಪಾಕೀಟಿನಲ್ಲಿ, ಒಂದು ಪೆಟ್ಟಿಗೆಯಲ್ಲಿ. ರುಪೇ ಕಾರ್ಡಿನ ಅಂತರರಾಷ್ಟ್ರೀಯ ಆವೃತ್ತಿ ಡಿಸ್ಕವರ್, ಡೈನರ್ಸ್ ಕ್ಲಬ್ ಜಾಲಗಳ ಮೂಲಕ ನಡೆಯುತ್ತದೆ. ಎಲ್ಲ ಅಂಗಡಿಯಲ್ಲೂ ಆ ಜಾಲ ಇರುವುದಿಲ್ಲವಾದ್ದರಿಂದ ಅದನ್ನೊಂದನ್ನೇ ನಂಬಿ ಹೋಗುವುದು ಬೇಡ.

ಹಡಗಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಕೆಲಸವಿದೆ. ವಾರಗಟ್ಟಲೆ ಸಿಗ್ನಲ್ ಇಲ್ಲದಿರುವಾಗ ಬಿಲ್ಲಿನ ಕೊನೆಯ ದಿನ ಬಂದು ಹೋಗುತ್ತದೆ. ಖಾತೆಯಿಂದ ತಾನಾಗಿ ಕಟ್ಟುವ ವ್ಯವಸ್ಥೆ ಮಾಡಿ, ಆಯ್ಕೆಯಲ್ಲಿ ‘ಕನಿಷ್ಠ ಮೊತ್ತ’ ಬಿಟ್ಟು ‘ಪೂರ್ತಿ ಬಾಕಿ’ ಆರಿಸಿ. ಕನಿಷ್ಠ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಓಡುತ್ತದೆ, ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ.

ದಿರ್ಹಮ್ಮೋ ರೂಪಾಯಿಯೋ

ಹೊರದೇಶದಲ್ಲಿ ಅತಿ ಹೆಚ್ಚು ಹಣ ಸುಮ್ಮನೆ ಸೋರುವುದು ಒಂದು ಪ್ರಶ್ನೆಯಲ್ಲಿ. ಕಾರ್ಡ್ ಸಿಕ್ಕಿಸಿದ ಕೂಡಲೇ ಮಷಿನ್ ಅದು ಭಾರತದ ಕಾರ್ಡ್ ಎಂದು ಗುರುತಿಸಿ, ‘ರೂಪಾಯಿಯಲ್ಲಿ ಕೊಡುವಿರಾ, ಸ್ಥಳೀಯ ಹಣದಲ್ಲಿ ಕೊಡುವಿರಾ’ ಎಂದು ಕೇಳುತ್ತದೆ. ನಮ್ಮ ಹಣದ ಹೆಸರು ಕಂಡು ಮನಸ್ಸು ಅತ್ತಲೇ ವಾಲುತ್ತದೆ. ಒತ್ತಬೇಕಾದದ್ದು ಸ್ಥಳೀಯ ಹಣ, ಯಾವಾಗಲೂ.

ಲೆಕ್ಕ ನೋಡಿ. ದುಬೈಯಲ್ಲಿ ಬಿಲ್ಲು 1,000 ದಿರ್ಹಮ್, ಜಾಲದ ದರ ದಿರ್ಹಮ್‌ಗೆ 23 ರೂಪಾಯಿ ಎಂದಿಟ್ಟುಕೊಳ್ಳಿ. ದಿರ್ಹಮ್ಮಿನಲ್ಲೇ ಕೊಟ್ಟರೆ 23,000. ಅದರ ಮೇಲೆ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ. ಅನೇಕ ಕಾರ್ಡ್‌ಗಳಲ್ಲಿ ಇದು ಶೇ 3.5, ಕೆಲವದರಲ್ಲಿ ಶೇ 2ರ ಆಸುಪಾಸು. 3.5 ಎಂದರೆ 805 ರೂಪಾಯಿ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ 144.90. ಒಟ್ಟು 23,949.90. ರೂಪಾಯಿ ಒತ್ತಿದರೆ ದರ ನಿಗದಿ ಮಾಡುವುದು ಅಂಗಡಿಯ ಕಡೆಯ ಕಂಪನಿ. ಅದು ಶೇ 5 ಸೇರಿಸಿತೆನ್ನಿ, 24,150. ಅಲ್ಲಿಗೆ ಮುಗಿಯಲಿಲ್ಲ. ಹೊರದೇಶದಲ್ಲಿ ರೂಪಾಯಿಯಲ್ಲಿ ನಡೆದ ವ್ಯವಹಾರಕ್ಕೂ ಹಲವು ಬ್ಯಾಂಕುಗಳು ಪ್ರತ್ಯೇಕ ಶುಲ್ಕ ಹಾಕುತ್ತವೆ. ಶೇ 1 ಮತ್ತು ಜಿಎಸ್‌ಟಿ ಎಂದರೆ ಇನ್ನೂ 285 ರೂಪಾಯಿ. ಒಂದು ಗುಂಡಿಗೆ ಸುಮಾರು 485 ರೂಪಾಯಿ ಹೋಯಿತು.

ಕೆಲವು ಕಡೆ ಅಂಗಡಿಯವರೇ ನಿಮ್ಮನ್ನು ಕೇಳದೆ ರೂಪಾಯಿ ಒತ್ತಿಬಿಡುತ್ತಾರೆ. ಪಿನ್ ಹಾಕುವ ಮೊದಲು ಪರದೆಯಲ್ಲಿ ಮೊತ್ತದ ಪಕ್ಕ ಯಾವ ಹಣದ ಗುರುತಿದೆ ನೋಡಿ. ರೂಪಾಯಿ ಇದ್ದರೆ ಕೆಂಪು ಗುಂಡಿ ಒತ್ತಿ, ಮತ್ತೆ ಮೊದಲಿನಿಂದ ಮಾಡಿಸಿ. ಸಂಕೋಚ ಬೇಡ, ಆಯ್ಕೆ ಕಾರ್ಡುದಾರರದು.

ಬಿಲ್ಲಿನ ದಿನದ ದರವೇ ಸ್ಟೇಟ್‌ಮೆಂಟಿನಲ್ಲಿ ಇರಬೇಕೆಂದಿಲ್ಲ. ಹಣ ಲೆಕ್ಕಕ್ಕೆ ಬೀಳುವುದು ಒಂದೆರಡು ದಿನ ತಡವಾಗಿ, ದರ ಆಗಿನದು. ರೀಫಂಡ್ ಆದರೂ ಹಾಗೇ. 200 ಯೂರೋದ ಅಂಗಿ ವಾಪಸು ಕೊಟ್ಟರೆ 200 ಯೂರೋ ಬರುತ್ತದೆ, ಆದರೆ ರೂಪಾಯಿಯಲ್ಲಿ ಅಷ್ಟೇ ಇರುವುದಿಲ್ಲ.

ದೇಶಕ್ಕೊಂದು ರೀತಿ

ಯುರೋಪಿನಲ್ಲಿ ಚಿಪ್ ಮತ್ತು ಪಿನ್ ಮನೆಮಾತು. ಹಲವು ದೇಶಗಳಲ್ಲಿ 50 ಯೂರೋವರೆಗೆ ಪಿನ್ ಇಲ್ಲದೆ ಟ್ಯಾಪ್ ನಡೆಯುತ್ತದೆ, ಆದರೆ ಸಣ್ಣ ಟ್ಯಾಪ್‌ಗಳ ಸಾಲಿನ ನಡುವೆ ಮಷಿನ್ ಒಮ್ಮೆ ಪಿನ್ ಕೇಳುತ್ತದೆ. ಅದು ದೋಷವಲ್ಲ, ಕಾರ್ಡ್ ಕಳುವಾಗಿಲ್ಲವೆಂದು ಖಚಿತ ಮಾಡಿಕೊಳ್ಳುವ ಕ್ರಮ. ಜನರಿಲ್ಲದ ಟಿಕೆಟ್ ಯಂತ್ರ, ಪಾರ್ಕಿಂಗ್, ರಾತ್ರಿಯ ಪೆಟ್ರೋಲ್ ಪಂಪುಗಳೇ ಹೆಚ್ಚು ತೊಂದರೆ ಕೊಡುವಂಥವು. ಅಲ್ಲಿ ಸಹಿಗೆ ಅವಕಾಶವಿಲ್ಲ, ನಿಮ್ಮ ಪರವಾಗಿ ಮಾತಾಡುವ ಗುಮಾಸ್ತರಿಲ್ಲ. ಒಂದು ಯಂತ್ರ ಒಪ್ಪದಿದ್ದರೆ ಟ್ಯಾಪ್ ಮಾಡಿ, ಆಗದಿದ್ದರೆ ಇನ್ನೊಂದು ಕಾರ್ಡ್, ಅದೂ ಆಗದಿದ್ದರೆ ಸಿಬ್ಬಂದಿ ಇರುವ ಕೌಂಟರ್. ಕೆಲವು ಪರದೆಗಳು ಆರಂಕಿಗೆ ಜಾಗ ತೋರಿಸುತ್ತವೆ. ನಿಮ್ಮ ನಾಲ್ಕಂಕಿ ಒತ್ತಿ ಹಸಿರು ಗುಂಡಿ ಒತ್ತಿದರೆ ಸಾಕು, ಮುಂದೆ ಸೊನ್ನೆ ಸೇರಿಸಬೇಡಿ.

ಲಂಡನ್ನಿನ ಮೆಟ್ರೋ, ಬಸ್ಸುಗಳಲ್ಲಿ ಕಾರ್ಡನ್ನೇ ಟಿಕೆಟಿನ ಹಾಗೆ ತಾಗಿಸಬಹುದು. ಮೆಟ್ರೋದಲ್ಲಿ ಒಳಗೆ ಹೋಗುವಾಗ ತಾಗಿಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ತಾಗಿಸಬೇಕು. ಒಳಗೆ ಕಾರ್ಡ್, ಹೊರಗೆ ಫೋನ್ ಎಂದರೆ ಎರಡು ಅರ್ಧ ಪ್ರಯಾಣಗಳೆಂದು ಲೆಕ್ಕ ಹಿಡಿದು ಎರಡಕ್ಕೂ ಗರಿಷ್ಠ ದರ ಬೀಳುತ್ತದೆ.

ಅಮೆರಿಕದ ರೀತಿಯೇ ಬೇರೆ. ಅಲ್ಲಿ ಕ್ರೆಡಿಟ್ ಕಾರ್ಡಿಗೆ ಪಿನ್ ಕೇಳುವುದು ಅಪರೂಪ. ದೊಡ್ಡ ಜಾಲಗಳು 2018ರ ಏಪ್ರಿಲ್‌ನಿಂದ ಸಹಿಯನ್ನೂ ಕಡ್ಡಾಯವಲ್ಲವೆಂದು ಬಿಟ್ಟವು. ಹೋಟೆಲಿನಲ್ಲಿ ಊಟ ಮಾಡಿದರೆ ಕಾರ್ಡನ್ನು ಒಳಗೆ ಒಯ್ದು, ಟಿಪ್ಸ್‌ಗೆ ಒಂದು ಖಾಲಿ ಸಾಲಿರುವ ಚೀಟಿ ತಂದಿಡುತ್ತಾರೆ. ಟಿಪ್ಸ್ ಮತ್ತು ಒಟ್ಟು ಎರಡನ್ನೂ ಬರೆಯಿರಿ, ಚೀಟಿಯ ಫೋಟೊ ತೆಗೆದಿಡಿ. ಮೊದಲ ಸಂದೇಶದಲ್ಲಿ 40 ಡಾಲರ್ ಇದ್ದು ಸ್ಟೇಟ್‌ಮೆಂಟಿನಲ್ಲಿ 47 ಆಗಿದ್ದರೆ ಅದು ಟಿಪ್ಸ್. ಪೆಟ್ರೋಲ್ ಪಂಪಿನ ಯಂತ್ರ ಅಲ್ಲಿನ ಐದಂಕಿಯ ಅಂಚೆ ಪಿನ್‌ಕೋಡ್ ಕೇಳುತ್ತದೆ, ನಮ್ಮ ಕಾರವಾರದ 581301 ಅಲ್ಲಿ ಹಿಡಿಸುವುದಿಲ್ಲ. ಒಳಗೆ ಹೋಗಿ ಪಂಪಿನ ಸಂಖ್ಯೆ ಹೇಳಿ ಮುಂಗಡ ಕೊಡುವುದು ಸುಲಭ.

ಹೋಟೆಲ್ ಕೋಣೆ, ಬಾಡಿಗೆ ಕಾರು ಎಲ್ಲೇ ಆದರೂ ಕಾರ್ಡಿನಲ್ಲಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಅದು ಖರ್ಚಲ್ಲ, ಆದರೆ ಅಷ್ಟು ಮಿತಿ ನಿಮಗೆ ಸಿಗುವುದಿಲ್ಲ. ಕೋಣೆ ಬಿಟ್ಟ ಮೇಲೂ ಅದು ಬಿಡುಗಡೆಯಾಗಲು ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಮಿತಿ ಚಿಕ್ಕದಿರುವವರು ತಡೆಗೆ ಒಂದು ಕಾರ್ಡ್, ದಿನದ ಖರ್ಚಿಗೆ ಇನ್ನೊಂದು ಇಟ್ಟುಕೊಳ್ಳಿ.

ಎಟಿಎಂನಿಂದ ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆಯುವುದು ಕೊನೆಯ ದಾರಿ. ನಗದು ಶುಲ್ಕ, ವಿನಿಮಯ ಶುಲ್ಕ, ಅಲ್ಲಿನ ಎಟಿಎಂನವರ ಶುಲ್ಕ ಮೂರೂ ಬೀಳುತ್ತವೆ. ಬಡ್ಡಿ ತೆಗೆದ ದಿನದಿಂದಲೇ ಶುರು, ಬಿಲ್ಲು ಪೂರ್ತಿ ಕಟ್ಟಿದರೂ ತಪ್ಪುವುದಿಲ್ಲ. ನಗದಿಗೆ ಡೆಬಿಟ್ ಅಥವಾ ವಿದೇಶಿ ಹಣ ಮೊದಲೇ ತುಂಬಿಸಿದ ಫಾರೆಕ್ಸ್ ಕಾರ್ಡ್ ಇರಲಿ.

ಮಷಿನ್ ‘ಇಲ್ಲ’ ಎಂದಾಗ

‘ಡಿಕ್ಲೈನ್ಡ್’ ಎಂದು ಕೇಳಿ ಮುಖ ಸಣ್ಣ ಮಾಡಿಕೊಳ್ಳುವ ಮೊದಲು ಪರದೆಯ ಅಥವಾ ಸ್ಲಿಪ್ಪಿನ ಎರಡಂಕಿ ಕೇಳಿ. ಎಲ್ಲ ಮಷಿನ್ ತೋರಿಸುವುದಿಲ್ಲ, ತೋರಿಸಿದರೆ ಅರ್ಧ ಕೆಲಸ ಮುಗಿಯಿತು.

51: ಮಿತಿ ಸಾಲದು. ಹೋಟೆಲಿನ ತಡೆಹಿಡಿತ ನೆನಪು ಮಾಡಿಕೊಳ್ಳಿ.
54: ಅವಧಿ ಮುಗಿದಿದೆ.
55: ಪಿನ್ ತಪ್ಪು.
57: ಈ ಬಗೆಯ ಬಳಕೆಗೆ ಅನುಮತಿ ಇಲ್ಲ. ಹೆಚ್ಚಿನ ಸಲ ಕಾರಣ ಆ್ಯಪ್‌ನ ಸ್ವಿಚ್.
75: ಪಿನ್ ಪ್ರಯತ್ನಗಳು ಮುಗಿದವು.
91: ಬ್ಯಾಂಕಿನ ಸರ್ವರ್ ಸಿಗುತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ.
05: ಬ್ಯಾಂಕ್ ಕಾರಣ ಹೇಳದೆ ನಿರಾಕರಿಸಿದೆ. ಸಾಮಾನ್ಯವಾಗಿ ವಂಚನೆ ಶಂಕೆ. ಸಹಾಯವಾಣಿಗೆ ಕರೆ ಮಾಡಬೇಕು. ವಾರದಲ್ಲಿ ಮೂರು ಬಂದರು ಸುತ್ತುವ ಹಡಗಿನವರಿಗೆ ಇದು ಹೆಚ್ಚು.

ಪಿನ್ ಎರಡು ಸಲ ತಪ್ಪಾದರೆ ನಿಲ್ಲಿಸಿ. ಸಾಮಾನ್ಯವಾಗಿ ಮೂರನೆಯದಕ್ಕೆ ಬೀಗ ಬೀಳುತ್ತದೆ, ಬೆಳಗ್ಗೆಯ ಒಂದು ತಪ್ಪು ಮತ್ತು ಸಂಜೆಯ ಎರಡು ತಪ್ಪು ಒಟ್ಟಿಗೆ ಲೆಕ್ಕವಾಗುತ್ತವೆ. ಕೆಲವು ಬ್ಯಾಂಕುಗಳಲ್ಲಿ ಮರುದಿನ ತಾನೇ ತೆರೆಯುತ್ತದೆ, ಕೆಲವದರಲ್ಲಿ ಹೊಸ ಪಿನ್ ಇಡಬೇಕು. ಅಷ್ಟರಲ್ಲಿ ಟ್ಯಾಪ್ ಮಿತಿಯೊಳಗಿನ ಖರ್ಚು ನಡೆಯಬಹುದು.

ಕಳೆದರೆ, ಕದ್ದರೆ

ಹುಡುಕುವ ಮೊದಲು ಆ್ಯಪ್‌ನಲ್ಲಿ ತಾತ್ಕಾಲಿಕ ತಡೆ ಹಾಕಿ. ಸಿಕ್ಕರೆ ತೆರೆಯಬಹುದು. ಸಿಗದಿದ್ದರೆ ಸಹಾಯವಾಣಿಗೆ ಹೇಳಿ ಶಾಶ್ವತವಾಗಿ ಮುಚ್ಚಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ.

ನಿಮ್ಮದಲ್ಲದ ವ್ಯವಹಾರ ಕಂಡರೆ ದಿನಗಳ ಲೆಕ್ಕ ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಂತೆ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದೆ ಬೇರೆಡೆ ಆಗಿದ್ದಾಗ, ಬ್ಯಾಂಕಿನ ಸಂದೇಶ ಬಂದ ಮೇಲೆ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. 4ರಿಂದ 7 ದಿನವಾದರೆ, 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಒಂದು ವ್ಯವಹಾರಕ್ಕೆ ಗರಿಷ್ಠ 10,000, ಅದಕ್ಕೂ ಹೆಚ್ಚಿನ ಮಿತಿಯ ಕಾರ್ಡಿಗೆ 25,000 ರೂಪಾಯಿ. 7 ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ. ತಿಳಿಸಿದ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ವಾಪಸು ಹಾಕಬೇಕು, 90 ದಿನಗಳಲ್ಲಿ ತೀರ್ಮಾನಿಸಬೇಕು.

ಆದರೆ ಪಿನ್ ಅಥವಾ ಒಟಿಪಿಯನ್ನು ನೀವೇ ಯಾರಿಗಾದರೂ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟವೆಲ್ಲ ನಿಮ್ಮದು. ಕೌಂಟರಿನಲ್ಲಿ ಪಿನ್ ಜೋರಾಗಿ ಹೇಳಬಾರದು ಎಂದದ್ದು ಇದಕ್ಕೇ. ಕಾರ್ಡಿನ ಕವರಿನ ಮೇಲೆ ಪಿನ್ ಬರೆದಿಟ್ಟಿದ್ದರೂ ವಾದಕ್ಕೆ ಜಾಗ ಉಳಿಯುವುದಿಲ್ಲ.

ವಂಚನೆಯಾದರೆ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಿ. ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಡಬಹುದು, ಶುಲ್ಕವಿಲ್ಲ. ಮಾಹಿತಿಗೆ 14448.

ಮರಳಿ ಬಂದ ದಿನವೇ ಅಂತರರಾಷ್ಟ್ರೀಯ ಸ್ವಿಚ್ ಆಫ್ ಮಾಡಿ. ಮುಂದಿನ ಎರಡು ಬಿಲ್ಲುಗಳನ್ನು ಸಾಲು ಸಾಲಾಗಿ ಓದಿ. ಬಾಡಿಗೆ ಕಾರಿನ ಟೋಲ್, ದಂಡ, ಹೋಟೆಲಿನ ಮಿನಿಬಾರ್ ಇವು ತಡವಾಗಿಯೇ ಬರುತ್ತವೆ.

ಗೋಕರ್ಣ, ಮುರುಡೇಶ್ವರದ ಅಂಗಡಿಯವರಿಗೆ

ಇದೇ ವಿಷಯ ತಿರುಗುಮುರುಗಾಗಿ ನಿಮ್ಮ ಕೌಂಟರಿಗೂ ಬರುತ್ತದೆ. ವಿದೇಶಿ ಅತಿಥಿಯ ಕಾರ್ಡ್ ಬಾರದಿದ್ದರೆ ಮೊದಲು ನೋಡಬೇಕಾದದ್ದು ನಿಮ್ಮ ಮಷಿನ್ನಿನಲ್ಲಿ ಅಂತರರಾಷ್ಟ್ರೀಯ ಕಾರ್ಡ್ ಪಡೆಯುವ ಅನುಮತಿ ಇದೆಯೇ ಎಂದು. ಸಣ್ಣ ಅಂಗಡಿಗಳಿಗೆ ಕೊಟ್ಟ ಎಷ್ಟೋ ಮಷಿನ್ನುಗಳು ದೇಶದ ಕಾರ್ಡ್‌ಗಷ್ಟೇ ತೆರೆದಿರುತ್ತವೆ. ಮಷಿನ್ ಕೊಟ್ಟ ಬ್ಯಾಂಕಿಗೆ ಅರ್ಜಿ ಹಾಕಿ ತೆರೆಸಿ; ಶುಲ್ಕದ ದರ ಹೆಚ್ಚಿರುತ್ತದೆ, ಮೊದಲೇ ಬರೆಸಿಕೊಳ್ಳಿ.

ಅಮೆರಿಕದವರಿಗೆ ತಮ್ಮ ಕ್ರೆಡಿಟ್ ಕಾರ್ಡಿನ ಪಿನ್ ಗೊತ್ತಿಲ್ಲದಿರುವುದು ಸಹಜ, ಅದಕ್ಕೆ ಅವರನ್ನು ಶಂಕಿಸಬೇಕಿಲ್ಲ. ಚಿಪ್ ಸಹಿಯನ್ನು ಒಪ್ಪುವಂಥದ್ದಾದರೆ ಸ್ಲಿಪ್ಪಿನಲ್ಲಿ ಸಹಿಯ ಗೆರೆ ಬರುತ್ತದೆ, ಸಹಿ ಹಾಕಿಸಿ ಕಾರ್ಡಿನ ಹಿಂದಿನ ಸಹಿಯೊಂದಿಗೆ ಹೋಲಿಸಿ. ಪಿನ್ ಕೇಳಿ ನಿಂತರೆ ಏನೂ ಒತ್ತದೆ ಹಸಿರು ಗುಂಡಿ ಒತ್ತಲು ಹೇಳಿ ನೋಡಿ, ಕೆಲವು ಮಷಿನ್ನುಗಳು ಸಹಿಗೆ ದಾಟುತ್ತವೆ. ಆಗದಿದ್ದರೆ ಕಾರ್ಡ್ ಸಂಖ್ಯೆಯನ್ನು ಕೈಯಿಂದ ಒತ್ತಿ ಹಣ ಪಡೆಯುವ ಸಾಹಸ ಮಾಡಬೇಡಿ. ಅವರು ಊರಿಗೆ ಹೋಗಿ ತಕರಾರು ತೆಗೆದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ.

ಸಹಿಯ ಸ್ಲಿಪ್ಪನ್ನು ಬ್ಯಾಂಕಿನ ಒಪ್ಪಂದದಲ್ಲಿ ಹೇಳಿದಷ್ಟು ಕಾಲ ಕಾಪಿಡಬೇಕು. ಉಷ್ಣ ಕಾಗದದ ಅಕ್ಷರ ಕರಾವಳಿಯ ಸೆಖೆಯಲ್ಲಿ ಕೆಲವು ತಿಂಗಳಲ್ಲೇ ಮಾಸುತ್ತದೆ. ಅವತ್ತೇ ಫೋಟೊ ತೆಗೆದು ದಿನಾಂಕದ ಹೆಸರಿನಲ್ಲಿ ಫೋನಿನಲ್ಲಿಡಿ, ಮೂಲ ಚೀಟಿಯನ್ನು ಕಾಗದದ ಲಕೋಟೆಯಲ್ಲಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇನ್ನೂ ಬೇಗ ಅಳಿಸಿಹೋಗುತ್ತದೆ.